ಭಾನುವಾರದ ಗಡಿಯಾರ, ಕಡಲಿನ ಪಂಚಾಂಗ

(ಉಡುಪಿ ಮೂಲದ, ಈಗ ಬೆಂಗಳೂರಿನಲ್ಲಿ ನೆಲೆಸಿರುವ ಓದುಗರೊಬ್ಬರು ಫೆಬ್ರವರಿಯ ಒಂದು ಶನಿವಾರ, ಭಾನುವಾರ ಹೆಂಡತಿ, ಇಬ್ಬರು ಮಕ್ಕಳು ಮತ್ತು ಅತ್ತೆ-ಮಾವನೊಂದಿಗೆ ಕಾರಿನಲ್ಲಿ ಸೋಮೇಶ್ವರದಿಂದ ಒತ್ತಿನೆಣೆಯವರೆಗೆ ಎಂಟು ಕಡಲತಡಿಗಳನ್ನು ನೋಡಿ ಬಂದು ನಮಗೆ ಪತ್ರ ಬರೆದಿದ್ದಾರೆ. ಎಲ್ಲೆಡೆ ಅದೇ ಮರಳು, ಅದೇ ನೀರು. ಸ್ವಚ್ಛ ಶೌಚಾಲಯವಿಲ್ಲ, ಕಾರು ನಿಲ್ಲಿಸಲು ಜಾಗವಿಲ್ಲ. ಕೋಡಿಬೆಂಗ್ರೆಯಲ್ಲಂತೂ ಮಧ್ಯಾಹ್ನ ಹನ್ನೆರಡಕ್ಕೆ ದೋಣಿಗಳು ಕೆಸರಿನಲ್ಲಿ ಹೂತು ನಿಂತಿದ್ದವು. ಗೋವಾದಂತೆ ನಮ್ಮ ಕರಾವಳಿ ಆಗುವುದು ಯಾವಾಗ ಎಂಬುದು ಅವರ ಪ್ರಶ್ನೆ.)

ಶೌಚಾಲಯದ ವಿಷಯದಲ್ಲಿ ನಿಮ್ಮ ಮಾತಿಗೆ ನನ್ನ ಪೂರ್ಣ ಸಹಮತವಿದೆ. ವಯಸ್ಸಾದವರನ್ನೂ ಮಕ್ಕಳನ್ನೂ ಕರೆದುಕೊಂಡು ಹೊರಟವರಿಗೆ ಅದು ಸಣ್ಣ ಕಷ್ಟವಲ್ಲ. ಪಾರ್ಕಿಂಗಿನದೂ ನ್ಯಾಯವಾದ ದೂರೇ.

ಆದರೆ ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ನೀವು ಹಾಗೇ ಹೇಳಿ ದಾಟಿಹೋದ ಒಂದು ವಾಕ್ಯದಲ್ಲಿ. ಕೋಡಿಬೆಂಗ್ರೆಯಲ್ಲಿ ನಿಮ್ಮ ಮಗ "ಅಪ್ಪಾ, ನೀರು ಎಲ್ಲಿ ಹೋಯಿತು?" ಎಂದು ಕೇಳಿದಾಗ "ಬೇಸಿಗೆ ಬಂತಲ್ಲ, ಹೊಳೆ ಬತ್ತಿದೆ" ಎಂದು ಉತ್ತರಿಸಿದೆ ಎಂದಿದ್ದೀರಿ. ಸ್ವಾಮೀ, ಸ್ವರ್ಣಾ ಮತ್ತು ಸೀತಾ ನದಿಗಳು ಕೂಡಿ ಕಡಲು ಸೇರುವ ಅಳಿವೆ ಅದು. ಅಲ್ಲಿ ನೀರು ಬತ್ತುವುದಿಲ್ಲ, ಇಳಿಯುತ್ತದೆ. ಆರು ಗಂಟೆ ಕಳೆದು ಚೂರು ಹೊತ್ತಿಗೆ ಮತ್ತೆ ತುಂಬುತ್ತದೆ. ನೀವು ಅಷ್ಟು ಹೊತ್ತು ಅಲ್ಲೇ ಕುಳಿತಿದ್ದರೆ ಕೆಸರಿನಲ್ಲಿ ಒರಗಿದ್ದ ಅದೇ ದೋಣಿ ಮೊದಲು ನೆಟ್ಟಗಾಗಿ, ಆಮೇಲೆ ಹಿಂಬದಿಯನ್ನು ಮೆಲ್ಲನೆ ಅಲ್ಲಾಡಿಸಿ, ಕೊನೆಗೆ ಹಗ್ಗವನ್ನು ಎಳೆದುಕೊಂಡು ಮೂತಿ ತಿರುಗಿಸುವುದನ್ನು ಮಕ್ಕಳು ನೋಡುತ್ತಿದ್ದರು. ಆದರೆ ಆ ಹೊತ್ತಿಗೆ ನೀವು ಮರವಂತೆಯನ್ನೂ ಮುಗಿಸಿದ್ದಿರಿ.

ನೀವು ಬರೆದ ದಿನಾಂಕವನ್ನು ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತೆಗೆದು ನೋಡಿದೆ: ನವಮಿ, ದಶಮಿ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದೇ ಗೆರೆಯಲ್ಲಿ ಬೀಳುವುದರಿಂದ ಭರತವೂ (ಕಡಲಿನ ಉಬ್ಬರ) ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿ ಕಳೆದ ದಿನಗಳಲ್ಲಿ ಎರಡೂ ಸಪ್ಪೆ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು ಹತ್ತು ಮೀಟರಿನಷ್ಟು ಏರಿ ಇಳಿಯುವುದುಂಟು. ನಮ್ಮಲ್ಲಿ ದೊಡ್ಡ ದಿನಗಳಲ್ಲೂ ಒಂದೂವರೆ ಮೀಟರಿನ ಆಸುಪಾಸು. ಇರುವುದೇ ಇಷ್ಟು, ಅದರಲ್ಲೂ ಅತಿ ಕಡಿಮೆ ಇರುವ ದಿನವನ್ನು ನೀವು ಆರಿಸಿಕೊಂಡಿರಿ. ತಪ್ಪು ನಿಮ್ಮದೊಬ್ಬರದಲ್ಲ. ನಮ್ಮ ರಜೆಗಳು ಭಾನುವಾರಕ್ಕೆ ಕಟ್ಟಿಬಿದ್ದಿವೆ, ಕಡಲು ತಿಥಿಗೆ.

ಕ್ರಿಸ್ತಪೂರ್ವ 325ರಲ್ಲಿ ಸಿಂಧೂ ನದಿಯ ಮುಖಕ್ಕೆ ಬಂದ ಅಲೆಕ್ಸಾಂಡರನ ಹಡಗುಗಳಿಗೂ ನೀವು ಕಂಡ ದೋಣಿಗಳ ಅವಸ್ಥೆಯೇ ಆಯಿತೆಂದು ಓದಿದ್ದೇನೆ. ನೀರು ಇಳಿದು ಹಡಗುಗಳು ಕೆಸರಿಗೆ ಬಿದ್ದವು, ಸೈನಿಕರು ಗಾಬರಿಯಾದರು. ನೀರು ತಿರುಗಿ ನುಗ್ಗಿದಾಗ ಕೆಲವು ಹಡಗುಗಳು ಜಖಂ ಆದವು. ಭರತ, ಇಳಿತ ಕಣ್ಣಿಗೆ ಬೀಳದಷ್ಟು ಕಡಿಮೆಯಿರುವ ಮೆಡಿಟರೇನಿಯನ್ ತೀರದವರು ಅವರು, ಅವರಿಗೊಂದು ನೆಪವಿತ್ತು. ಉಡುಪಿಯಲ್ಲಿ ಹುಟ್ಟಿದ ನಿಮಗೆ?

ನನ್ನ ಸೋದರತ್ತೆಯ ಮನೆ ಸ್ವರ್ಣೆಯ ಒಂದು ಕುದ್ರುವಿನಲ್ಲಿ, ಅಂದರೆ ಹೊಳೆ ನಡುವಿನ ದ್ವೀಪದಲ್ಲಿ, ಇತ್ತು. ಆಗ ಸೇತುವೆ ಇರಲಿಲ್ಲ. ಅಲ್ಲಿನ ಮದುವೆಗೆ ಮುಹೂರ್ತವನ್ನು ಪುರೋಹಿತರು ಹೇಳಿದರೆ ಸಾಲದು, ದಿಬ್ಬಣ ಹೊರಡುವ ಹೊತ್ತನ್ನು ದೋಣಿಯವನೂ ಹೇಳಬೇಕಿತ್ತು. ಅವನ ಮಾತು ಮೀರಿದ ದಿಬ್ಬಣವೊಂದು ಸೀರೆ, ಪಂಚೆಗಳನ್ನು ಮೊಣಕಾಲಿಗೆತ್ತಿಕೊಂಡು ಕೆಸರು ತುಳಿದು ಬಂದದ್ದನ್ನು ನಾನೇ ಕಂಡಿದ್ದೇನೆ. ಇಳಿತದ ಹೊತ್ತಿಗೆ ನೆರೆಮನೆಯ ಹೆಂಗಸರು ಸೊಂಟಮಟ್ಟ ನೀರಿನಲ್ಲಿ ನಿಂತು, ಬಗ್ಗದೆ, ಕಾಲ ಬೆರಳಿನಿಂದಲೇ ಮರಳಿನೊಳಗಿನ ಮರುವಾಯಿಯನ್ನು (ಚಿಪ್ಪುಮೀನು) ತಡಕಿ ಹುಡುಕುತ್ತಿದ್ದರು. ನನ್ನ ಕಾಲಿಗೆ ಸಿಕ್ಕಿದ್ದೆಲ್ಲ ಬರಿಯ ಕಲ್ಲು. ಅವರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ಇದಕ್ಕೆ ಟಿಕೆಟ್ಟಿಲ್ಲ, ಲೈಫ್ ಜಾಕೆಟ್ಟಿಲ್ಲ, ಆದ್ದರಿಂದ ಯಾವ ಪ್ರವಾಸಿ ಪಟ್ಟಿಯಲ್ಲೂ ಇಲ್ಲ.

ಹೆಸರುಗಳ ಗತಿಯನ್ನೂ ನೋಡಿ. ಕೋಡಿ (ನೆಲದ ತುದಿ), ಬೆಂಗ್ರೆ (ಹೊಳೆ, ಕಡಲ ನಡುವಿನ ಮರಳುಪಟ್ಟಿ), ಕುದ್ರು, ಅಳಿವೆ ಎಂದರೆ ಆ ಜಾಗದಲ್ಲಿ ನೀರು ಮತ್ತು ಮರಳು ಏನು ಮಾಡುತ್ತಿವೆಯೆಂದು ಹೆಸರೇ ಹೇಳಿಬಿಡುತ್ತದೆ. ಈಗ ಎಲ್ಲವೂ ‘ಬೀಚ್’. ಕೋಡಿಬೆಂಗ್ರೆಗಂತೂ ‘ಡೆಲ್ಟಾ ಬೀಚ್’ ಎಂಬ ನಾಮಕರಣವಾಗಿದೆ. ಶಾಲೆಯಲ್ಲಿ ಚಂದ್ರ, ಭೂಮಿಗಳ ಚಿತ್ರ ಬಿಡಿಸಿ ನಾಲ್ಕು ಅಂಕ ಗಳಿಸುವ ಮಕ್ಕಳನ್ನು ಎರಡು ಕಿಲೋಮೀಟರ್ ಆಚೆಯ ಅಳಿವೆಗೆ ಒಮ್ಮೆ ಕರೆದೊಯ್ಯುವವರಿಲ್ಲ. ಕಡಲ್ಕೊರೆತಕ್ಕೆಂದು ಊರೂರಲ್ಲಿ ಬಂಡೆಗಲ್ಲು ಸುರಿದ ಮೇಲೆ ಇಳಿತದ ಮರಳಿಗೆ ಇಳಿಯುವ ದಾರಿಯೇ ಎಷ್ಟೋ ಕಡೆ ಮುಚ್ಚಿದೆ. ಮನೆ ಕಳೆದುಕೊಳ್ಳುವ ಭಯದಲ್ಲಿರುವವರು ಗೋಡೆ ಕೇಳುವುದು ಸಹಜ, ಅದನ್ನು ನಾನು ಹಳಿಯಲಾರೆ. ಆದರೂ ಆ ಕಲ್ಲುಗಳ ಮೇಲೆ ನಿಂತು ಸೆಲ್ಫಿ ತೆಗೆಯುವುದನ್ನೇ ಕಡಲು ನೋಡುವುದು ಎಂದುಕೊಂಡಿದ್ದೇವಲ್ಲ, ಅದು ನನ್ನ ಸಂಕಟ.

ಇನ್ನೊಮ್ಮೆ ಬನ್ನಿ. ಎಂಟು ಜಾಗ ಬೇಡ, ಒಂದೇ ಸಾಕು. ಹುಣ್ಣಿಮೆಯ ಮರುದಿನ ಬನ್ನಿ. ಭಾರತೀಯ ಸರ್ವೇಕ್ಷಣಾ ಇಲಾಖೆ ವರ್ಷವರ್ಷವೂ ಉಬ್ಬರವಿಳಿತದ ಪಟ್ಟಿ ಪ್ರಕಟಿಸುತ್ತದೆ, ಮೊಬೈಲಿನಲ್ಲೂ ಹೊತ್ತು ಸಿಗುತ್ತದೆ. ಅದಕ್ಕಿಂತ ಸುಲಭವೆಂದರೆ ಮಲ್ಪೆಯಲ್ಲೋ ಗಂಗೊಳ್ಳಿಯಲ್ಲೋ ಬಲೆ ಹೆಣೆಯುತ್ತ ಕುಳಿತವರನ್ನು ಕೇಳುವುದು. ಈ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ ಎಂಬುದು ನೆನಪಿರಲಿ. ಅಳಿವೆಯ ಬಾಯಲ್ಲಿ ಮಕ್ಕಳನ್ನು ನೀರಿಗೆ ಇಳಿಸಬೇಡಿ, ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಕಡಲಿನತ್ತ ಎಳೆಯುತ್ತದೆ. ಅತ್ತೆ-ಮಾವನಿಗೆ ತೆಂಗಿನ ನೆರಳಿನಲ್ಲಿ ಒಂದು ಚಾಪೆ ಹಾಸಿ. ಮಕ್ಕಳ ಕೈಗೆ ಕೋಲುಗಳನ್ನು ಕೊಟ್ಟು, ಅರ್ಧ ಗಂಟೆಗೊಮ್ಮೆ ನೀರಿನ ಅಂಚಿನಲ್ಲಿ ಒಂದೊಂದು ನೆಡಲು ಹೇಳಿ.

ಅಲ್ಲಿಯವರೆಗೆ ಕಾಯಬೇಡಿ, ಹೊಳೆ ಬತ್ತಿರಲಿಲ್ಲ ಎಂದು ಮಗನಿಗೆ ಈ ರಾತ್ರಿಯೇ ಹೇಳಿಬಿಡಿ.

— ಸಂ.