ಅನ್ಯಗ್ರಹದ ಪೂಜಾರಿಗಳನ್ನು ಸುಳ್ಳುಗಾರರನ್ನಾಗಿ ಮಾಡಬೇಡಿ

ನಮಸ್ಕಾರ. ನೀವು ಹಾಕಿದ ಕಾದಂಬರಿಯ ಸಾರಾಂಶ ನಿಧಾನವಾಗಿ ಓದಿದೆ. ಕೆಂಪು ಸೂರ್ಯನ ಸುತ್ತ ತಿರುಗುವ ಒಂದು ಗ್ರಹ. ಅಲ್ಲಿನ ಜನರಿಗೆ ಒಂದು ಧರ್ಮ. ಗುಡಿಯ ಗಂಟೆ ಬಾರಿಸಿದ ಕೂಡಲೇ ಎಲ್ಲರೂ ಗುಹೆ ಸೇರಬೇಕು, ಕತ್ತಲ ಕಡೆಯ ಬೆಟ್ಟವನ್ನು ಯಾರೂ ದಾಟಬಾರದು. ಒಬ್ಬ ಹುಡುಗಿ ದಾಟುತ್ತಾಳೆ. ದೇವರು ಎಂದರೆ ಪೂರ್ವಜರು ಬಂದಿಳಿದ ಹಡಗಿನ ಯಂತ್ರ ಎಂದು ಅವಳಿಗೆ ಗೊತ್ತಾಗುತ್ತದೆ, ಪೂಜಾರಿಗಳ ಬಣ್ಣ ಬಯಲಾಗುತ್ತದೆ. ಓದಿದ ಗೆಳೆಯರೆಲ್ಲ ಕೊನೆಯನ್ನು ಮೊದಲೇ ಊಹಿಸಿಬಿಟ್ಟರು, ಏನು ಮಾಡಲಿ ಎಂದು ಕೇಳಿದ್ದೀರಿ.

ಮೇಲಿನ ಉತ್ತರಗಳಲ್ಲಿ ಕೆಲವರು ಟ್ವಿಸ್ಟ್ ಬದಲಿಸಿ ಎಂದಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಪೂಜಾರಿಗಳು ಸುಮ್ನೆ ಸುಳ್ಳು ಹೇಳುವವರಾಗಿದ್ದರೆ ಯಾವ ಟ್ವಿಸ್ಟ್ ತಂದರೂ ಓದುಗ ಅವರನ್ನು ಬೇಗ ಹಿಡಿಯುತ್ತಾನೆ. ಆ ಗಂಟೆಗೆ, ಆ ಬೆಟ್ಟದ ಕಟ್ಟಳೆಗೆ ನಿಜವಾದ ಕಾರಣ ಇರಲಿ. ಕಾರಣ ಮರೆತುಹೋಗಿರಲಿ. ಆಗ ಕಥೆಗೆ ತೂಕ ಬರುತ್ತದೆ.

ಕಾರಣವನ್ನು ಹೊರಗೆಲ್ಲೂ ಹುಡುಕಬೇಕಿಲ್ಲ. ನೀವು ಆರಿಸಿಕೊಂಡ ಆಕಾಶದಲ್ಲೇ ಅದು ಇದೆ. ಪ್ರಾಕ್ಸಿಮಾ ಸೆಂಟಾರಿ ಎಂಬ ಕೆಂಪು ಕುಬ್ಜ, ಅಂದರೆ ಸೂರ್ಯನಿಗಿಂತ ತುಂಬಾ ಚಿಕ್ಕದಾದ ಮಂದ ಕೆಂಪು ನಕ್ಷತ್ರ, ನಮ್ಮಿಂದ 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಸುತ್ತ ಒಂದು ಗ್ರಹ ಇದೆ ಎಂದು 2016ರಲ್ಲಿ ತಿಳಿಯಿತು. ಆ ಗ್ರಹದ ಒಂದು ವರ್ಷ ಎಂದರೆ ನಮ್ಮ ಸುಮಾರು 11 ದಿನ. ನಕ್ಷತ್ರಕ್ಕೂ ಅದಕ್ಕೂ ನಡುವೆ ಸುಮಾರು 73 ಲಕ್ಷ ಕಿಲೋಮೀಟರ್ ಅಷ್ಟೇ. ಭೂಮಿ ಸೂರ್ಯನಿಂದ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅಷ್ಟು ಹತ್ತಿರ ಇರುವ ಗ್ರಹ ನಮ್ಮ ಚಂದ್ರನ ಹಾಗೆ ಒಂದೇ ಮುಖ ತೋರಿಸುತ್ತಾ ತಿರುಗುವ ಸಾಧ್ಯತೆ ಜಾಸ್ತಿ. ಒಂದು ಕಡೆ ಸದಾ ಬೆಳಕು, ಇನ್ನೊಂದು ಕಡೆ ಸದಾ ಕತ್ತಲು. ನಡುವಿನ ಪಟ್ಟಿಯಲ್ಲಿ ಸೂರ್ಯ ದಿಗಂತದ ಮೇಲೇ ನಿಂತಿರುತ್ತಾನೆ. ನಿಮ್ಮ ಊರು ಈ ಪಟ್ಟಿಯಿಂದ ಸ್ವಲ್ಪ ಬೆಳಕಿನ ಕಡೆಗಿರಲಿ.

ಹಾಗೆ ಇಟ್ಟರೆ ಧರ್ಮದ ಅರ್ಧ ಭಾಗ ತಾನಾಗಿಯೇ ಹುಟ್ಟುತ್ತದೆ. ಅಲ್ಲಿ ಸೂರ್ಯೋದಯ ಇಲ್ಲ, ಸಂಜೆ ಇಲ್ಲ. ಹಾಗಾಗಿ ಸಂಧ್ಯಾ ಪೂಜೆಯೂ ಇರುವುದಿಲ್ಲ. ನಿಮ್ಮ ಎರಡನೇ ಅಧ್ಯಾಯದಲ್ಲಿ 'ಬೆಳಗಿನ ಪ್ರಾರ್ಥನೆ' ಇದೆ, ಅದನ್ನು ತೆಗೆಯಿರಿ. ಕಾಲವನ್ನು ನಿದ್ದೆಯ ಲೆಕ್ಕದಲ್ಲಿ ಹೇಳಿ. ಯಾರು ಯಾವಾಗ ಮಲಗಬೇಕು ಎಂಬುದನ್ನು ಗುಡಿಯೇ ಹೇಳಬೇಕಾಗುತ್ತದೆ, ಯಾಕೆಂದರೆ ಆಕಾಶ ಹೇಳುವುದಿಲ್ಲ. ಗುಡಿಗೆ ಅಲ್ಲಿ ಎಂಥ ಅಧಿಕಾರ ಬರುತ್ತದೆ ನೋಡಿ. ನಂಬಿಸಲು ಪೂಜಾರಿ ಏನೂ ಮೋಸ ಮಾಡಬೇಕಿಲ್ಲ.

ಈಗ ಗಂಟೆಗೆ ಬರೋಣ. ನನಗೆ ನಿಮ್ಮ ಕಥೆಯಲ್ಲಿ ತುಂಬಾ ಹಿಡಿಸಿದ್ದು ಆ ಗಂಟೆ. ಪ್ರಾಕ್ಸಿಮಾದಂಥ ಕೆಂಪು ಕುಬ್ಜಗಳು ಆಗಾಗ ಭುಗಿಲೇಳುತ್ತವೆ, ಇದ್ದಕ್ಕಿದ್ದಂತೆ ಜೋರಾಗಿ ಮಿಂಚುತ್ತವೆ. ಆ ಬೆಳಕು ನಿಮ್ಮ ಗ್ರಹಕ್ಕೆ ಬರಲು 24 ಸೆಕೆಂಡ್ ಸಾಕು. ಆದರೆ ನಕ್ಷತ್ರ ಉಗುಳುವ ವಿದ್ಯುದಾವೇಶದ ಕಣಗಳ ಮೋಡ ಬೆಳಕಿನಷ್ಟು ಬೇಗ ಬರುವುದಿಲ್ಲ. ನಿಮ್ಮ ಜನ ಗುಹೆಯಲ್ಲಿ ಅಡಗುವುದು ಈ ಮೋಡದಿಂದ ಎಂದಿರಲಿ. ಅದರ ವೇಗ ಸೆಕೆಂಡಿಗೆ 1000 ಕಿಲೋಮೀಟರ್ ಎಂದು ಇಟ್ಟುಕೊಂಡರೆ 73 ಲಕ್ಷ ಕಿಲೋಮೀಟರ್ ದಾಟಲು ಎರಡು ಗಂಟೆ ಬೇಕು. ಅಂದರೆ ಗೋಪುರದ ಮೇಲೆ ಯಾರೋ ಒಬ್ಬರು ಸದಾ ಸೂರ್ಯನನ್ನೇ ನೋಡುತ್ತಾ ಕೂತಿರಬೇಕು. ಸೂರ್ಯ ಮಿಂಚಿದ ಕೂಡಲೇ ಗಂಟೆ ಹೊಡೆಯಬೇಕು. ಎರಡು ಗಂಟೆಯೊಳಗೆ ಮಕ್ಕಳು ಮುದುಕರು ಸಮೇತ ಊರು ಗುಹೆ ಸೇರಬೇಕು. ಇದೊಂದೇ ಲೆಕ್ಕದಿಂದ ನಿಮ್ಮ ಊರಿನ ನಕ್ಷೆ ಸಿಗುತ್ತದೆ. ಗುಹೆಯಿಂದ ಎರಡು ಗಂಟೆಯ ನಡಿಗೆಗಿಂತ ದೂರದಲ್ಲಿ ಮನೆ ಕಟ್ಟುವುದು ಪಾಪ. ಕುಂಟರನ್ನು ಹೆಗಲ ಮೇಲೆ ಹೊತ್ತು ನಡೆಯುವುದು ದೊಡ್ಡ ಪುಣ್ಯ.

ಬೆಟ್ಟದ ವಿಷಯವೂ ಹೀಗೇ. ಬೆಳಕಿನ ಕಡೆ ಬದುಕುವವರು ನಕ್ಷತ್ರಗಳನ್ನೇ ನೋಡಿರುವುದಿಲ್ಲ. ಕತ್ತಲ ಕಡೆ ಹೋದವರಿಗೆ ಮಾತ್ರ ಅವು ಕಾಣುತ್ತವೆ. ಹಾಗಾದರೆ ಪಂಚಾಂಗ ಕಟ್ಟುವ ಪೂಜಾರಿ ಬೆಟ್ಟ ದಾಟಲೇಬೇಕು. ನಿಮ್ಮ ಹುಡುಗಿ ಅಲ್ಲಿ ಯಂತ್ರವನ್ನು ನೋಡುವ ಮೊದಲು ಆಕಾಶವನ್ನು ನೋಡಲಿ. ಆ ಪುಟಗಳನ್ನು ಅವಸರದಲ್ಲಿ ಮುಗಿಸಬೇಡಿ. ನಾವೂ ಚಂದ್ರನ ಹಿಂಬದಿಯನ್ನು ಮೊದಲ ಸಲ ಕಂಡದ್ದು 1959ರಲ್ಲಿ, ಸೋವಿಯತ್ ನೌಕೆ ಲೂನಾ 3 ಕಳಿಸಿದ ಮಸುಕು ಚಿತ್ರಗಳಲ್ಲಿ. ದಿನಾ ತಲೆಯ ಮೇಲಿದ್ದ ಚಂದ್ರನ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಭಾಗ ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ.

ಗುಟ್ಟು ಉಳಿಯಲು ಪಿತೂರಿಯೇ ಬೇಕು ಎಂದು ನೀವು ಅಂದುಕೊಂಡಿದ್ದೀರಿ. ಬೇಕಿಲ್ಲ. ಈಜಿಪ್ಟಿನ ಗುಡಿಗಳ ಗೋಡೆ ತುಂಬಾ ಚಿತ್ರಲಿಪಿ ಇತ್ತು, ಎಲ್ಲರ ಕಣ್ಣೆದುರಿಗೇ ಇತ್ತು. ನಮಗೆ ಗೊತ್ತಿರುವ ಕೊನೆಯ ಚಿತ್ರಲಿಪಿ ಶಾಸನವನ್ನು ಕ್ರಿ.ಶ. 394ರಲ್ಲಿ ಫಿಲೈ ದ್ವೀಪದ ಗುಡಿಯಲ್ಲಿ ಕೆತ್ತಿದರು. ಆಮೇಲೆ ಓದುವವರೇ ಇಲ್ಲವಾದರು. ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೋ ಅದನ್ನು ಮತ್ತೆ ಬಿಡಿಸಿದ್ದು 1822ರಲ್ಲಿ. ಸಾವಿರದ ನಾನೂರು ವರ್ಷ ಅದನ್ನು ಯಾರೂ ಬಚ್ಚಿಟ್ಟಿರಲಿಲ್ಲ. ಇನ್ನೊಂದು ಬಗೆ ಬ್ಯಾಬಿಲೋನಿಯಾದ್ದು. ಅಲ್ಲಿನ ಕೆಲವು ಮಣ್ಣಿನ ಹಲಗೆಗಳ ಕೊನೆಗೆ, ಇದನ್ನು ತಿಳಿದವನು ತಿಳಿದವನಿಗೆ ಮಾತ್ರ ತೋರಿಸಲಿ ಎಂಬ ಅರ್ಥದ ಎಚ್ಚರಿಕೆ ಇದೆ. ಗ್ರಹಣಗಳು 18 ವರ್ಷ 11 ದಿನಕ್ಕೊಮ್ಮೆ ಮರಳುವ ಚಕ್ರ ಆ ವಿದ್ವಾಂಸರಿಗೆ ಗೊತ್ತಿತ್ತು. ಆದರೆ ಆ ಚಕ್ರದಲ್ಲಿ ಇನ್ನೂ 8 ಗಂಟೆ ಹೆಚ್ಚಿಗೆ ಇದೆ. ಅಷ್ಟರಲ್ಲಿ ಭೂಮಿ ಮೂರನೇ ಒಂದು ಸುತ್ತು ತಿರುಗಿರುತ್ತದೆ, ಮುಂದಿನ ಗ್ರಹಣ ಬೇರೆಲ್ಲೋ ಕಾಣುತ್ತದೆ. ಲೆಕ್ಕ ಸರಿ ಇದ್ದರೂ ಅವರ ಊರಲ್ಲಿ ಏನೂ ಆಗದೇ ಹೋಗಬಹುದಿತ್ತು. ತನ್ನ ಲೆಕ್ಕ ಎಷ್ಟು ನಂಬಬಹುದು ಎಂದು ತನಗೇ ಗೊತ್ತಿಲ್ಲದ ಪೂಜಾರಿ, ಎಲ್ಲ ಗೊತ್ತಿದ್ದು ಮುಚ್ಚಿಡುವವನಿಗಿಂತ ಒಳ್ಳೆಯ ಪಾತ್ರ ಅಲ್ವಾ?

ಧರ್ಮ ಕಟ್ಟಿಯೇ ಒಂದು ಸತ್ಯ ಮುಚ್ಚಿಡೋಣ ಎಂದು ನಮ್ಮ ಭೂಮಿಯ ಮೇಲೆ ಗಂಭೀರವಾಗಿ ಯೋಚಿಸಿದವರೂ ಇದ್ದಾರೆ. ಇದನ್ನು ನೀವು ತಿಳಿದುಕೊಳ್ಳಲೇಬೇಕು. ಅಣು ವಿದ್ಯುತ್ ಸ್ಥಾವರಗಳ ತ್ಯಾಜ್ಯವನ್ನು ನೆಲದಾಳದಲ್ಲಿ ಹೂತಿಡುವ ಯೋಜನೆ ಅಮೆರಿಕದಲ್ಲಿತ್ತು. ಅದರಲ್ಲಿರುವ, ವಿಕಿರಣ ಸೂಸುವ ಪ್ಲುಟೋನಿಯಂ-239 ಅರ್ಧಕ್ಕೆ ಇಳಿಯಲು ಸುಮಾರು 24,100 ವರ್ಷ ಬೇಕು. 10,000 ವರ್ಷ ಆದ ಮೇಲೆ ಇಂಗ್ಲಿಷ್ ಉಳಿದಿರುವುದಿಲ್ಲ, ಅಮೆರಿಕವೂ ಉಳಿದಿರಲಿಕ್ಕಿಲ್ಲ. ಆಗಿನ ಜನರಿಗೆ 'ಇಲ್ಲಿ ಅಗೆಯಬೇಡಿ' ಎಂದು ಹೇಳುವುದು ಹೇಗೆ? 1981ರಲ್ಲಿ ಒಂದು ತಂಡ ಇದರ ಮೇಲೆ ಕೆಲಸ ಶುರು ಮಾಡಿತು. ಸಂಕೇತಗಳನ್ನು ಅಧ್ಯಯನ ಮಾಡುತ್ತಿದ್ದ ವಿದ್ವಾಂಸ ಥಾಮಸ್ ಸೆಬಿಯೋಕ್ ಅದಕ್ಕೆ ಬರೆದ ವರದಿ 1984ರಲ್ಲಿ ಬಂತು. ಯಾವ ಫಲಕವೂ ಅಷ್ಟು ಕಾಲ ಅರ್ಥ ಉಳಿಸಿಕೊಳ್ಳುವುದಿಲ್ಲ, ಹಾಗಾಗಿ ಪ್ರತಿವರ್ಷ ನಡೆಯುವ ಆಚರಣೆ ಮತ್ತು ಕಥೆಗಳನ್ನು ಹುಟ್ಟುಹಾಕಿ ಎಂದು ಅವರು ಸೂಚಿಸಿದರು. ನಿಜ ತಿಳಿದ ಒಂದು ಸಣ್ಣ ಗುಂಪು ತನ್ನ ಉತ್ತರಾಧಿಕಾರಿಗಳನ್ನು ತಾನೇ ಆರಿಸಿಕೊಳ್ಳುತ್ತಾ ಹೋಗಬೇಕು. ಭೌತವಿಜ್ಞಾನಿಗಳು, ವಿಕಿರಣ ವೈದ್ಯರು, ಭಾಷಾಶಾಸ್ತ್ರಜ್ಞರು ಅದರಲ್ಲಿರಬೇಕು. ಆ ಗುಂಪಿಗೆ ಅವರು ಕೊಟ್ಟ ಹೆಸರು 'ಅಣು ಪೌರೋಹಿತ್ಯ'. ಉಳಿದ ಜನ ಆ ಜಾಗವನ್ನು ಬರೀ ಮೂಢನಂಬಿಕೆಯ ಭಯದಿಂದ ದೂರ ಇಟ್ಟರೆ ಸಾಕು ಎಂದು ಅವರ ಲೆಕ್ಕ. ಸಲಹೆ ಜಾರಿಗೆ ಬರಲಿಲ್ಲ. ಆದರೆ ನಿಮ್ಮ ಗ್ರಹದ ಮೊದಲ ತಲೆಮಾರು ಹೀಗೇ ಯೋಚಿಸಿರಬಹುದು. ಅವರೂ ಮೊಮ್ಮಕ್ಕಳ ಜೀವ ಉಳಿಸಲು ಒಂದು ದೇವರನ್ನು ಕೊಟ್ಟು ಹೋಗಿರಬಹುದು.

ಇದಕ್ಕೆ ಎದುರಾಗಿ ಇನ್ನೊಂದು ದಾರಿಯೂ ಇದೆ. ಜಪಾನಿನ ಅನೆಯೋಶಿ ಎಂಬ ಹಳ್ಳಿಯಲ್ಲಿ 1933ರ ಸುನಾಮಿಯ ನಂತರ ಒಂದು ಕಲ್ಲು ನಿಲ್ಲಿಸಿದರು. ಇದರ ಕೆಳಗೆ ಮನೆ ಕಟ್ಟಬೇಡಿ ಎಂದು ಅದರಲ್ಲಿ ಬರೆದಿದೆ, ಸುನಾಮಿಯ ಕಾರಣವನ್ನೂ ಹೇಳಿದೆ. 2011ರ ಅಲೆ ಆ ಕಲ್ಲನ್ನು ಮುಟ್ಟದೆ ಕೆಳಗೇ ನಿಂತಿತು. ನಿಮ್ಮ ಹುಡುಗಿಯ ವಾದ ಈ ಕಲ್ಲಿನದಾಗಿರಲಿ. ಕಾರಣ ಹೇಳಿದರೂ ಜನ ಕೇಳುತ್ತಾರೆ ಎಂದು ಅವಳು ನಂಬಲಿ. ಮುದಿ ಪೂಜಾರಿಯದು ಸೆಬಿಯೋಕರ ವಾದ. ಇಬ್ಬರಲ್ಲಿ ಯಾರೂ ದಡ್ಡರಲ್ಲ, ಯಾರೂ ದುಷ್ಟರಲ್ಲ. ನಮ್ಮ ಕೊಡಗಿನಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಅಲ್ಲಿ ಮರ ಕಡಿಯದವರು ದೇವರಿಗೆ ಹೆದರಿಯೂ ಇರಬಹುದು, ಕಾಡಿನ ಮೇಲಿನ ಪ್ರೀತಿಯಿಂದಲೂ ಇರಬಹುದು. ಎರಡೂ ಒಂದೇ ಮನಸ್ಸಿನಲ್ಲಿ ಇರಬಲ್ಲವು. ನಿಮ್ಮ ಊರಿನ ಭಕ್ತರಿಗೂ ಆ ಎರಡನ್ನೂ ಕೊಡಿ.

ಸುಳಿವು ಎಲ್ಲಿ ಇಡಲಿ ಎಂದೂ ಕೇಳಿದ್ದೀರಿ. ಹಳೇ ಪುಸ್ತಕ, ಗುಪ್ತ ಕೋಣೆ ಬೇಡ. ದಿನಾ ಹಾಡುವ ಹಾಡಿನಲ್ಲಿ ಇಡಿ. ಅಕ್ಷರಗಳಿಗೆ ಅಂಕಿ ಕೊಟ್ಟು ಹೆಸರಿನಲ್ಲೇ ಸಂಖ್ಯೆ ಅಡಗಿಸುವ ಕಟಪಯಾದಿ ಪದ್ಧತಿ ನೆನಪಿಸಿಕೊಳ್ಳಿ. ಕರ್ನಾಟಕ ಸಂಗೀತದ ಮಾಯಾಮಾಳವಗೌಳ ರಾಗದ ಹೆಸರಿನಲ್ಲಿ ಮ ಎಂದರೆ 5, ಯ ಎಂದರೆ 1. ತಿರುಗಿಸಿ ಓದಿದರೆ 15, ಅದು ಹದಿನೈದನೇ ಮೇಳಕರ್ತ, ಅಂದರೆ ಮೂಲ ರಾಗಗಳ ಪಟ್ಟಿಯಲ್ಲಿ ಹದಿನೈದನೆಯದು. ಮೇಚಕಲ್ಯಾಣಿಯಲ್ಲಿ ಹೀಗೇ 65 ಸಿಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆಯೂ ಹಾಡುವವರು ಚೆನ್ನಾಗಿಯೇ ಹಾಡುತ್ತಾರೆ. ನಿಮ್ಮ ಗ್ರಹದ ಮಕ್ಕಳ ಲಾಲಿಯಲ್ಲಿ ಸೂರ್ಯನ ಮಿಂಚಿಗೂ ಆ ಕಣಗಳ ಮೋಡಕ್ಕೂ ನಡುವಿನ ಹೊತ್ತು ಅಡಗಿರಲಿ, ಗುಹೆಯೊಳಗೆ ಎಷ್ಟು ನಿದ್ದೆ ಇರಬೇಕು ಎಂಬುದೂ ಇರಲಿ. ಓದುಗ ಮೊದಲ ಅಧ್ಯಾಯದಲ್ಲೇ ಆ ಲಾಲಿ ಕೇಳಿರುತ್ತಾನೆ, ಆದರೆ ಅದು ಸುಳಿವು ಎಂದು ಅವನಿಗೆ ಅನುಮಾನ ಬರುವುದಿಲ್ಲ.

ಇಷ್ಟಾದ ಮೇಲೆ ನಿಮ್ಮ ಯಂತ್ರ. ಅದು ಇರಲಿ, ಆದರೆ ಸತ್ತಿರಲಿ. ಸೂರ್ಯನನ್ನು ಕಾಯುತ್ತಿದ್ದ ಯಂತ್ರ ಎರಡು ತಲೆಮಾರಿನ ಹಿಂದೆಯೇ ನಿಂತುಹೋಗಿದೆ. ಅಂದಿನಿಂದ ಪೂಜಾರಿಗಳು ಸರದಿಯಲ್ಲಿ ಗೋಪುರ ಹತ್ತಿ ಬರಿಗಣ್ಣಿನಿಂದ ಸೂರ್ಯನನ್ನು ನೋಡುತ್ತಿದ್ದಾರೆ. ಒಬ್ಬೊಬ್ಬರಾಗಿ ಕುರುಡಾಗುತ್ತಿದ್ದಾರೆ. ಊರಿನವರು ಅದನ್ನು ದೇವರು ಕೊಟ್ಟ ಗುರುತು ಎಂದು ಪೂಜಿಸುತ್ತಾರೆ. ಪೂಜಾರಿಗಳು ಮುಚ್ಚಿಟ್ಟ ಸತ್ಯ ಇದು. ದೇವರು ಯಂತ್ರ ಎಂಬುದು ಗುಟ್ಟಲ್ಲ, ಕಾಯುವವರು ಈಗ ನಾವೇ ಎಂಬುದು ಗುಟ್ಟು. ಅದಕ್ಕೇ ಅವರು ಈಚೆಗೆ ಗಂಟೆಯನ್ನು ಜಾಸ್ತಿ ಬಾರಿಸುತ್ತಿದ್ದಾರೆ. ಅನುಮಾನ ಬಂದರೂ ಬಾರಿಸುತ್ತಾರೆ, ತಪ್ಪಿಹೋದರೆ ಎಂಬ ಹೆದರಿಕೆ. ಬೆಳೆ ಹಾಳಾಗುತ್ತಿದೆ, ಜನ ರೇಗಿದ್ದಾರೆ, ಹುಡುಗಿ ಬೆಟ್ಟ ಹತ್ತುವುದೂ ಅದಕ್ಕೇ.

ಅವಳು ಬಂದು ಸತ್ಯ ಹೇಳಿದಾಗ ಅರ್ಧ ಊರು ಗಂಟೆಯನ್ನು ನಂಬುವುದು ಬಿಡುತ್ತದೆ. ನಿಮ್ಮ ಕಥೆ ಈಗ ಇಲ್ಲಿಗೆ ಮುಗಿಯುತ್ತದೆ, ನಾನು ಹೇಳುವುದು ಇಲ್ಲಿಂದ ಮುಂದೆ ಇನ್ನೂ ಮೂರು ಅಧ್ಯಾಯ ಬೇಕು. ಮುಂದಿನ ಗಂಟೆ ನಿಜವಾದದ್ದು. ಎರಡು ಗಂಟೆ ಸಮಯ ಇದೆ. ಯಾರು ಹೊರಡುತ್ತಾರೆ, ಯಾರು ಕೂತೇ ಇರುತ್ತಾರೆ, ಅವಳು ಏನು ಹೇಳಿ ಅವರನ್ನು ಎಬ್ಬಿಸುತ್ತಾಳೆ? ದೇವರ ಹೆಸರು ಹೇಳುತ್ತಾಳಾ, ಕಾರಣ ಹೇಳುತ್ತಾಳಾ? ಅದನ್ನು ನೀವೇ ನಿರ್ಧರಿಸಬೇಕು.

ಮೊದಲು ಮುದಿ ಪೂಜಾರಿಯ ಗೋಪುರದ ಸರದಿಯನ್ನು ಅವನ ಕಡೆಯಿಂದ ಬರೆಯಿರಿ, ಅದು ಪುಸ್ತಕದಲ್ಲಿ ಉಳಿಯದಿದ್ದರೂ ಪರವಾಗಿಲ್ಲ. ಅವನು ಏನು ಜಪಿಸುತ್ತಾನೆ, ಯಾವ ಕಣ್ಣು ಮೊದಲು ಹೋಯಿತು, ಕೈಯಲ್ಲಿ ಹಗ್ಗ ಹೇಗೆ ಹಿಡಿದಿರುತ್ತಾನೆ ಎಂದು ಗೊತ್ತಾದ ಮೇಲೆ ಹುಡುಗಿಯ ಅಧ್ಯಾಯಗಳಿಗೆ ವಾಪಸ್ ಬನ್ನಿ. ಬರೆದದ್ದನ್ನು ಇಲ್ಲೇ ಹಾಕಿ. ಊರಿನ ದೂರ, ನಡಿಗೆಯ ಹೊತ್ತು, ಎರಡು ಗಂಟೆಯ ಲೆಕ್ಕ ಸರಿ ಬರುತ್ತದಾ ಎಂದು ನಾನು ಕೂತು ನೋಡಿಕೊಡುತ್ತೇನೆ.