ಇಸಿಜಿ ನಾರ್ಮಲ್, ಎದೆನೋವು ಮಾತ್ರ ಹಾಗೇ ಇದೆ. ಮುಂದಿನ ಟೆಸ್ಟ್ ತನಕ ದಿನ ದೂಡುವುದು ಹೇಗೆ?

ಇಸಿಜಿ, ಎಕೋ ಎರಡೂ ನಾರ್ಮಲ್ ಬಂದಿವೆ, ಟಿಎಂಟಿಗೆ (ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ) ಇನ್ನೂ ಮೂರು ವಾರ ಇದೆ, ಎದೆನೋವು ಬಂದು ಹೋಗುತ್ತಲೇ ಇದೆ, ಪ್ರತಿ ಸಲವೂ ಇದು ಹೃದಯದ್ದಾ ಅಲ್ವಾ ಅಂತ ಯೋಚಿಸಿ ಯೋಚಿಸಿ ಸಾಕಾಗಿಹೋಗಿದೆ, ಹೇಗೆ ತಡೆದುಕೊಳ್ಳುವುದು ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಇದೇ ಸ್ಥಿತಿಯಲ್ಲಿ ಕೆಲವು ತಿಂಗಳು ಕಳೆದಿದ್ದೇನೆ, ಹಾಗಾಗಿ ಒಂದು ವಿಷಯವನ್ನು ಧೈರ್ಯವಾಗಿ ಹೇಳಬಲ್ಲೆ. ಅರ್ಧರಾತ್ರಿಯಲ್ಲಿ ಎದೆ ಹಿಡಿದುಕೊಂಡು ಕೂತು ತೀರ್ಮಾನ ಮಾಡುವ ಕೆಲಸ ನಿಮ್ಮದಾಗಬಾರದು. ಆ ತೀರ್ಮಾನವನ್ನು ಹಗಲು ಹೊತ್ತಿನಲ್ಲಿ, ಡಾಕ್ಟರ ಎದುರಿಗೇ ಮಾಡಿಸಿಕೊಂಡು ಬರಬೇಕು.

ಅದಕ್ಕೂ ಮೊದಲು, ಕಾಯಲೇಬಾರದ ನೋವಿನ ಬಗ್ಗೆ. ಎದೆಯ ನಡುವೆ ಭಾರ ಹೇರಿದ ಹಾಗೆ, ಹಿಂಡಿದ ಹಾಗೆ ಶುರುವಾಗಿ ಕೆಲವು ನಿಮಿಷ ಕಳೆದರೂ ಬಿಡದಿದ್ದರೆ, ನೋವು ತೋಳಿಗೋ ದವಡೆಗೋ ಬೆನ್ನಿಗೋ ಹರಿದರೆ, ಜೊತೆಗೆ ತಣ್ಣನೆ ಬೆವರು, ಏದುಸಿರು, ವಾಕರಿಕೆ ಇದ್ದರೆ, ಕಣ್ಣು ಕತ್ತಲೆ ಬಂದರೆ ಆಂಬುಲೆನ್ಸ್ ಕರೆಯಿರಿ. ಬೆನ್ನು ಸೀಳಿದ ಹಾಗೆ ದಿಢೀರನೆ ಬರುವ ನೋವಿಗೂ, ಒಂದು ಕಾಲು ಊದಿಕೊಂಡು ಏದುಸಿರಿನ ಜೊತೆ ಬರುವ ನೋವಿಗೂ ಅದೇ ಮಾತು. ಕೆಲವರಲ್ಲಿ, ಅದರಲ್ಲೂ ಹೆಂಗಸರು, ವಯಸ್ಸಾದವರು, ಸಕ್ಕರೆ ಕಾಯಿಲೆ ಇರುವವರಲ್ಲಿ ನೋವು ಅಷ್ಟಾಗಿ ಇಲ್ಲದೆ ಉಸಿರು ಕಟ್ಟುವುದು, ವಿಪರೀತ ಸುಸ್ತು, ಹೊಟ್ಟೆ ತೊಳಸುವುದು ಇಷ್ಟೇ ಇರಬಹುದು. ಕಳೆದ ವಾರದ ನಾರ್ಮಲ್ ರಿಪೋರ್ಟ್ ನೆನೆದು ಆಗ ತಡ ಮಾಡಬೇಡಿ. ನೀವೇ ಗಾಡಿ ಓಡಿಸಿಕೊಂಡೂ ಹೋಗಬೇಡಿ. ಹೋದ ಮೇಲೆ ಏನೂ ಇಲ್ಲ ಅಂತಾದರೆ ಬೈಸಿಕೊಳ್ಳಬೇಕಾಗಬಹುದು ಅನ್ನುವ ಸಂಕೋಚ ಬಹಳ ಜನಕ್ಕಿದೆ. ಬೈದರೆ ಬೈಯಲಿ ಬಿಡಿ.

ಇದು ಎಲ್ಲರಿಗೂ ಅನ್ವಯಿಸುವ ಪಟ್ಟಿ. ನಿಮ್ಮ ವಯಸ್ಸು, ಬಿಪಿ, ಸಕ್ಕರೆ, ಸಿಗರೇಟು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯದ ತೊಂದರೆ ಇತ್ತಾ ಎಂಬುದನ್ನೆಲ್ಲ ಗಮನಿಸಿ ನಿಮಗಾಗಿಯೇ ಒಂದು ಪಟ್ಟಿ ಆಗಬೇಕು. ನಾನು ನನ್ನ ಡಾಕ್ಟರನ್ನು ನೇರವಾಗಿ ಕೇಳಿದೆ. "ಟೆಸ್ಟ್ ಆಗುವ ತನಕ ಎಂಥ ನೋವಿಗೆ ನಾನು ಓಡಿ ಬರಬೇಕು, ಎಂಥದಕ್ಕೆ ಫೋನ್ ಮಾಡಿದರೆ ಸಾಕು, ಎಂಥದನ್ನು ಬರೆದಿಟ್ಟುಕೊಂಡು ಸುಮ್ಮನಿರಬಹುದು ಹೇಳಿ ಡಾಕ್ಟ್ರೇ." ಅವರು ಚೀಟಿಯನ್ನು ಮಗುಚಿ, ಹಿಂದೆ ಅಡ್ಡಗೆರೆ ಎಳೆದು ಮೂರು ಭಾಗ ಮಾಡಿದರು. ಮೇಲೆ, ನಾನು ಈಗ ಹೇಳಿದ ಲಕ್ಷಣಗಳು. ನಡುವೆ, "ಮೊದಲಿಗಿಂತ ಹೆಚ್ಚು ಸಲ ಬಂದರೆ, ಕಡಿಮೆ ಓಡಾಟಕ್ಕೇ ಬಂದರೆ ಅವತ್ತೇ ಫೋನ್, ಮಾರನೇ ದಿನ ಅಲ್ಲ". ಕೆಳಗೆ, "ಕ್ಷಣ ಚುಚ್ಚಿ ಹೋಗುವುದು, ಒತ್ತಿದರೆ ಮಾತ್ರ ನೋಯುವುದು, ಬರೆದಿಡಿ". ಅಷ್ಟೇ. ಆ ಕೈಬರಹವನ್ನು ಓದಲು ಮೆಡಿಕಲ್ ಶಾಪಿನವರ ಸಹಾಯ ಬೇಕಿತ್ತು ಅನ್ನುವುದು ಬೇರೆ ಮಾತು. ಇದನ್ನು ನಕಲು ಮಾಡಿಕೊಳ್ಳಬೇಡಿ, ನಿಮ್ಮ ಡಾಕ್ಟರ ಹತ್ತಿರ ನಿಮ್ಮದನ್ನು ಬರೆಸಿಕೊಳ್ಳಿ. ಅಪಾಯಿಂಟ್‌ಮೆಂಟ್ ಇಲ್ಲದಿದ್ದರೆ ಇದೊಂದು ಪ್ರಶ್ನೆಗಾಗಿಯೇ ಫೋನ್ ಮಾಡಿ.

ಆ ಚೀಟಿ ಬಂದ ಮೇಲೆ ನೋವೇನೂ ಕಡಿಮೆಯಾಗಲಿಲ್ಲ. ನೋವು ಬಂದಾಗ ಮಾಡುವ ಕೆಲಸ ಬದಲಾಯಿತು. ಎದ್ದು ಕೂರುವುದು, ಚೀಟಿ ನೋಡುವುದು, ಯಾವ ಗೆರೆಯ ಕೆಳಗೆ ಬರುತ್ತದೋ ಅಲ್ಲಿ ಬರೆದಿದ್ದನ್ನು ಮಾಡುವುದು. ಎರಡು ಭಾಗಗಳ ನಡುವೆ ಅನುಮಾನ ಬಂದರೆ ಮೇಲಿನದನ್ನೇ ಆಯ್ದುಕೊಳ್ಳುವುದು. ಮನೆಯಲ್ಲಿ ಒಬ್ಬರಿಗಾದರೂ ಚೀಟಿ ಎಲ್ಲಿದೆ, ಏನು ಹೇಳುತ್ತದೆ ಎಂದು ಗೊತ್ತಿರಲಿ. ನೋವಿನ ಹೊತ್ತಿನಲ್ಲಿ "ಹೋಗೋಣ" "ಬೇಡ, ತಡಿ" ಎಂಬ ವಾದ ಹುಟ್ಟುವುದೇ ಮನೆಯವರ ಜೊತೆ. ಒಬ್ಬರು "ಗ್ಯಾಸ್ಟ್ರಿಕ್ ಇರಬೇಕು, ಏನಾಗಲ್ಲ" ಅನ್ನುತ್ತಾರೆ. ಇನ್ನೊಬ್ಬರು, ಪರಿಚಯದವರಿಗೆ ಹೀಗೇ ಆಗಿ ಬೆಳಗಾಗುವಷ್ಟರಲ್ಲಿ ಹೋಗೇಬಿಟ್ಟರು ಎಂಬ ಕಥೆ ತೆಗೆಯುತ್ತಾರೆ. ಇಬ್ಬರದ್ದೂ ಪ್ರೀತಿಯೇ. ಕಥೆ ಹೇಳುವವರನ್ನು ಮಾತ್ರ ಸ್ವಲ್ಪ ದೂರ ಇಡಿ.

ನಾರ್ಮಲ್ ಇಸಿಜಿ ಅಂದರೆ ಏನು ಎಂಬುದನ್ನು ಯಾರಾದರೂ ನನಗೆ ಮೊದಲೇ ಬಿಡಿಸಿ ಹೇಳಿದ್ದರೆ ಚೆನ್ನಾಗಿತ್ತು. ಆ ಕಾಗದದಲ್ಲಿ ಸಾಮಾನ್ಯವಾಗಿ ಇರುವುದು ಮಲಗಿರುವ ಹೃದಯದ ಸುಮಾರು 10 ಸೆಕೆಂಡಿನ ವಿದ್ಯುತ್ ಚಟುವಟಿಕೆ. ಆ ಹೊತ್ತಿಗೆ ಅದರಲ್ಲಿ ಆತಂಕದ ಗುರುತುಗಳು ಕಾಣಲಿಲ್ಲ ಎಂಬುದೇ ಅದರ ಅರ್ಥ. ಎಕೋ ಹೃದಯದ ಪಂಪಿಂಗ್, ಕವಾಟ, ಗೋಡೆಗಳ ಚಲನೆ ತೋರಿಸುತ್ತದೆ. ಇವೆರಡೂ ಸರಿ ಇದ್ದರೂ ರಕ್ತನಾಳ ಕಿರಿದಾಗಿರಬಹುದು, ವಿಶ್ರಾಂತಿಯಲ್ಲಿರುವಾಗ ಅದು ಗೊತ್ತಾಗದಿರಬಹುದು. ಟಿಎಂಟಿ ಕೊಟ್ಟಿರುವುದು ಅದಕ್ಕೇ. ಎಮರ್ಜೆನ್ಸಿಗೆ ಹೋದರೆ ಟ್ರೋಪೋನಿನ್ ಎಂಬ ರಕ್ತ ಪರೀಕ್ಷೆಯನ್ನೂ ಮಾಡುತ್ತಾರೆ. ಹೃದಯದ ಸ್ನಾಯುವಿಗೆ ಹಾನಿಯಾದರೆ ರಕ್ತಕ್ಕೆ ಸೇರುವ ಪ್ರೋಟೀನ್ ಅದು. ಏರುವುದಕ್ಕೆ ಸಮಯ ಹಿಡಿಯುವುದರಿಂದ ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆಯುತ್ತಾರೆ. ಎರಡನೇ ಸಲ ಸೂಜಿ ಹಿಡಿದು ಬಂದರೆ ಏನೋ ಸಿಕ್ಕಿದೆ ಎಂದು ಗಾಬರಿಯಾಗಬೇಡಿ.

ಇನ್ನು, ಮನೆಯಲ್ಲೇ ಪರೀಕ್ಷೆ ಮಾಡುವ ಚಟ. ಗ್ಯಾಸ್ಟ್ರಿಕ್ ಮಾತ್ರೆ ನುಂಗಿ, ಕಡಿಮೆಯಾಯಿತು, ಸದ್ಯ ಹೃದಯದ್ದಲ್ಲ ಅಂತ ನಿಟ್ಟುಸಿರು ಬಿಡುವವರಿದ್ದಾರೆ. ಅದು ಸಾಕ್ಷಿ ಆಗುವುದಿಲ್ಲ. ಹೃದಯದ ನೋವೂ ಕೆಲವು ಸಲ ಅದರ ಪಾಡಿಗೆ ಕಡಿಮೆಯಾಗುತ್ತದೆ. ತಿರುಗಾ ಮುರುಗಾ ಕೂಡ ಅಷ್ಟೇ, ನಾಲಿಗೆ ಕೆಳಗಿಡುವ ನೈಟ್ರೋಗ್ಲಿಸರಿನ್‌ನಿಂದ ನೋವು ಇಳಿದರೆ ಅದು ಹೃದಯದ್ದೇ ಎನ್ನಲಾಗದು, ಏಕೆಂದರೆ ಆ ಔಷಧ ಅನ್ನನಾಳದ ಸ್ನಾಯುವನ್ನೂ ಸಡಿಲಿಸುತ್ತದೆ. ಹೃದಯದಿಂದಲೂ ಅನ್ನನಾಳದಿಂದಲೂ ಹೊರಡುವ ನೋವಿನ ಸಂದೇಶ ಬೆನ್ನುಹುರಿಯಲ್ಲಿ ಬಹುಪಾಲು ಒಂದೇ ಜಾಗಕ್ಕೆ ಬಂದು ಸೇರುತ್ತದೆ. ಯಾರ ಮನೆಯಿಂದ ಕೂಗು ಬಂತು ಅಂತ ಬೀದಿ ಕೊನೆಯಲ್ಲಿ ನಿಂತವನಿಗೆ ತಿಳಿಯದ ಹಾಗೆ, ಮಿದುಳಿಗೂ ಅದು ಯಾವ ಅಂಗದ್ದು ಎಂದು ಗೊತ್ತಾಗುವುದಿಲ್ಲ. ದೊಡ್ಡ ದೊಡ್ಡ ಡಾಕ್ಟರುಗಳೇ ಯಂತ್ರ ಇಟ್ಟು ನೋಡಿ ಹೇಳುವುದನ್ನು ಹಾಸಿಗೆಯಲ್ಲಿ ಮಲಗಿ ಕಂಡುಹಿಡಿಯುತ್ತೇನೆ ಅನ್ನುವುದು ಆಗದ ಮಾತು. ಎದೆಮೂಳೆ ಪಕ್ಕದಲ್ಲಿ ಪದೇ ಪದೇ ಒತ್ತಿ ನೋಡುವುದಂತೂ ಬೇಡವೇ ಬೇಡ. ದಿನಕ್ಕಿಷ್ಟು ಸಲ ಒತ್ತಿದರೆ ನೋಯದ ಜಾಗವೂ ನೋಯಲು ಶುರುವಾಗುತ್ತದೆ, ಆಮೇಲೆ ಡಾಕ್ಟರು ಒತ್ತಿ ಕೇಳಿದಾಗ ಉತ್ತರವೇ ಕಲಸುಮೇಲೋಗರ.

ಅದರ ಬದಲು ಬರೆಯಿರಿ. ನೋವು ಹತ್ತಕ್ಕೆ ಎಷ್ಟು ಎಂಬ ಅಂಕಿಗಿಂತ, ಏನು ಮಾಡುತ್ತಿದ್ದಾಗ ಬಂತು, ಏನು ಮಾಡಿದಾಗ ಹೋಯಿತು ಎಂಬುದೇ ಅವರಿಗೆ ಮುಖ್ಯ. ನನ್ನ ಪುಸ್ತಕದ ಒಂದು ಸಾಲು ಹೀಗಿತ್ತು. "ಮಂಗಳವಾರ ರಾತ್ರಿ, ಊಟ ಮಾಡಿ ಸ್ವಲ್ಪ ಹೊತ್ತಿಗೇ ಮಲಗಿದಾಗ. ಎದೆಮೂಳೆ ಹಿಂದೆ ಬಿಗಿತ, ಆಮೇಲೆ ಉರಿ. ಎದ್ದು ಕೂತ ಮೇಲೆ ಇಳಿಯಿತು. ಬೆವರಿಲ್ಲ. ಸಂಜೆ ಮೆಟ್ಟಿಲು ಹತ್ತಿದ್ದೆ, ಆಗ ಏನೂ ಇರಲಿಲ್ಲ." ಕೊನೆಯ ವಾಕ್ಯವನ್ನು ಬರೆಯುವುದನ್ನು ಎಲ್ಲರೂ ಮರೆಯುತ್ತಾರೆ. ನೋವು ಬಂದಿದ್ದನ್ನಷ್ಟೇ ಅಲ್ಲ, ಬರಬಹುದಾಗಿದ್ದ ಹೊತ್ತಿನಲ್ಲಿ ಬಾರದ್ದನ್ನೂ ಬರೆಯಿರಿ. ನನ್ನ ಡಾಕ್ಟರು ಆ ಪುಟಗಳನ್ನು ತಿರುವಿ ಹಾಕಿ, ಬೆರಳಿಟ್ಟು ನಿಲ್ಲಿಸಿದ್ದು ಅಂಥ ಸಾಲುಗಳ ಮೇಲೇ. ನಡೆದಾಗ ಬಂದು ನಿಂತರೆ ಹೋಗುವ ನೋವು ಒಂದು ದಾರಿ ತೋರಿಸುತ್ತದೆ. ಮಲಗಿದರೆ ಜಾಸ್ತಿಯಾಗಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆಯಾಗುವುದು ಹೃದಯದ ಹೊರಪೊರೆ ಊದಿಕೊಂಡಾಗ ಕಾಣುವ ಲಕ್ಷಣ. ಉಸಿರೆಳೆದಾಗ ಚುಚ್ಚುವುದು, ಕೈ ಎತ್ತಿದಾಗ ಎಳೆದಂತಾಗುವುದು, ಹುಳಿತೇಗಿನ ಜೊತೆ ಬರುವುದು ಎಲ್ಲಕ್ಕೂ ಬೇರೆ ಬೇರೆ ಜಾಡಿದೆ. ಜಾಡು ಹಿಡಿಯುವುದು ಅವರ ಕೆಲಸ, ಗುರುತು ಹಾಕಿಡುವುದಷ್ಟೇ ನಿಮ್ಮದು. ಒಂದು ನೋವಿಗೆ ಒಂದೇ ಸಾಲು. ಬರೆದ ಮೇಲೆ ಪುಸ್ತಕ ಮುಚ್ಚಿ.

ಗಾಬರಿಯ ಬಗ್ಗೆ ಕೇಳಿದ್ದೀರಿ. ಭಯಪಟ್ಟಾಗ ನಮಗೆ ಗೊತ್ತಿಲ್ಲದೆಯೇ ಬೇಗ ಬೇಗ ಉಸಿರಾಡುತ್ತೇವೆ. ರಕ್ತದಲ್ಲಿನ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಬೆರಳ ತುದಿ, ತುಟಿ ಜುಮುಗುಡುತ್ತವೆ, ತಲೆ ಹಗುರವಾಗುತ್ತದೆ, ಎದೆ ಇನ್ನಷ್ಟು ಬಿಗಿಯುತ್ತದೆ. ಅದನ್ನು ನೋಡಿ ಭಯ ದುಪ್ಪಟ್ಟು. ಇದನ್ನು "ಬರೀ ಟೆನ್ಶನ್" ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಅಮೆರಿಕದ ಅಂತರ್ಯುದ್ಧದಲ್ಲಿ ಕಾದಾಡಿದ ನೂರಾರು ಸೈನಿಕರ ಎದೆನೋವು, ಎದೆಬಡಿತ, ಏದುಸಿರುಗಳ ಬಗ್ಗೆ ಜೇಕಬ್ ಡಾ ಕೋಸ್ಟಾ ಎಂಬ ವೈದ್ಯರು 1871ರಲ್ಲಿ ದೀರ್ಘವಾಗಿ ಬರೆದರು. ಬಹಳಷ್ಟು ಜನರ ಹೃದಯದಲ್ಲಿ ಹೇಳಿಕೊಳ್ಳುವಂಥ ದೋಷ ಸಿಗಲಿಲ್ಲ, ನೋವು ಮಾತ್ರ ನಿಜವಾಗಿಯೂ ಇತ್ತು. ಗಾಬರಿಯಿಂದ ಬಂದ ನೋವೂ ನೋವೇ. ಹಾಗಂತ, ಗಾಬರಿ ಇದೆ ಎಂದ ಮಾತ್ರಕ್ಕೆ ಬೇರೆ ಕಾಯಿಲೆ ಇಲ್ಲ ಎಂದೂ ಅಲ್ಲ. ಅದಕ್ಕೇ ಚೀಟಿ ಮೊದಲು, ಉಸಿರಿನ ಅಭ್ಯಾಸ ಆಮೇಲೆ. ಚೀಟಿ ನೋಡಿ ಕೆಳಗಿನ ಭಾಗದ್ದು ಎಂದು ಖಾತ್ರಿಯಾದ ಮೇಲೆ, ಎಳೆದುಕೊಂಡಿದ್ದಕ್ಕಿಂತ ನಿಧಾನವಾಗಿ ಉಸಿರು ಬಿಡುತ್ತಾ ಕೆಲವು ನಿಮಿಷ ಕೂರಿ. ಎಡಮಗ್ಗುಲಾಗಿ ಮಲಗಿದರೆ ಎದೆಬಡಿತ ಜೋರಾಗಿ ಕೇಳುವುದು ಸಾಮಾನ್ಯ, ಮಗ್ಗುಲು ಬದಲಿಸಿ ನೋಡಿ.

ಕೈಗೆ ಸ್ಮಾರ್ಟ್‌ವಾಚ್ ಕಟ್ಟಿದ್ದರೆ ರಾತ್ರಿ ಬಿಚ್ಚಿಡಿ. ಅದರ ಇಸಿಜಿ ಲಯ ತಪ್ಪುವುದನ್ನು ಹಿಡಿಯಬಲ್ಲದು, ಹಾರ್ಟ್ ಅಟ್ಯಾಕ್ ಅನ್ನು ಹಿಡಿಯಲಾರದು. ರಾತ್ರಿ ಗೂಗಲ್ ಮಾಡುವುದರ ಬಗ್ಗೆ ಹೇಳಬೇಕಾಗಿಲ್ಲ, ನಿಮಗೇ ಗೊತ್ತು.

ಓಡಾಟ ಎಷ್ಟು ಎಂಬುದನ್ನೂ ಊಹೆಗೆ ಬಿಡಬೇಡಿ. ಕೆಲವರು ಹೆದರಿ ಹಾಸಿಗೆ ಹಿಡಿಯುತ್ತಾರೆ, ಕೆಲವರು ಹೃದಯ ಗಟ್ಟಿ ಇದೆಯಾ ನೋಡೇಬಿಡೋಣ ಅಂತ ಮೆಟ್ಟಿಲು ಓಡಿ ಹತ್ತುತ್ತಾರೆ. ಎರಡನೆಯದು ಮೂರ್ಖತನ. ನಡೆಯಬಹುದಾ, ಭಾರ ಎತ್ತಬಹುದಾ, ಗಾಡಿ ಓಡಿಸಬಹುದಾ, ದಾಂಪತ್ಯ ನಡೆಸಬಹುದಾ ಎಂದು ಒಂದೊಂದನ್ನೂ ಹೆಸರು ಹಿಡಿದು ಕೇಳಿ, ನಾಚಿಕೆ ಬೇಡ. ನೋವಿನ ಮಾತ್ರೆ ನುಂಗುವ ಮುನ್ನವೂ ಕೇಳಿ. ಐಬುಪ್ರೊಫೆನ್ ಜಾತಿಯವು ಹೊಟ್ಟೆಯನ್ನು ಕೆಡಿಸಬಹುದು, ಹೃದಯದ ತೊಂದರೆ ಇರುವವರಿಗೂ ಒಳ್ಳೆಯವಲ್ಲ.

ಟಿಎಂಟಿ ನೆನೆದು ಹೆದರಿದ್ದರೆ, ಒಳಗೆ ನಡೆಯುವುದು ಇಷ್ಟು. ಎದೆಗೆ ಅಂಟುಪಟ್ಟಿ, ತೋಳಿಗೆ ಬಿಪಿ ಪಟ್ಟಿ. ಹೆಚ್ಚಾಗಿ ಬಳಸುವ ಬ್ರೂಸ್ ವಿಧಾನದಲ್ಲಿ ಗಂಟೆಗೆ 2.7 ಕಿಲೋಮೀಟರ್ ವೇಗ, ಶೇಕಡಾ 10ರ ಏರಿನಿಂದ ಶುರುವಾಗಿ ಪ್ರತಿ 3 ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ನೋವು ಬಂದರೆ ಹೇಳಿ ಎನ್ನುತ್ತಾರೆ, ಹೇಳಿದರೆ ನಿಲ್ಲಿಸುತ್ತಾರೆ. ವಿಚಿತ್ರ ಅನ್ನಿಸಬಹುದು, ನನಗೆ ಆ ಕೋಣೆಯಲ್ಲಿ ಭಯವೇ ಆಗಲಿಲ್ಲ. ಬರುವುದಾದರೆ ಇವರೆಲ್ಲ ನೋಡುತ್ತಿರುವಾಗಲೇ ಬರಲಿ ಅನ್ನಿಸಿತ್ತು. ನೀವು ತೆಗೆದುಕೊಳ್ಳುವ ಮಾತ್ರೆಗಳಲ್ಲಿ ಯಾವುದನ್ನಾದರೂ ಟಿಎಂಟಿ ದಿನ ಬೆಳಿಗ್ಗೆ ಬಿಡಬೇಕಾ ಎಂದು ಮೊದಲೇ ವಿಚಾರಿಸಿ. ನೀವಾಗಿಯೇ ಏನನ್ನೂ ಬಿಡಬೇಡಿ.

ನನ್ನದು ಕೊನೆಗೆ ಅನ್ನನಾಳದ ತೊಂದರೆ ಎಂದಾಯಿತು. ನಿಮ್ಮದೂ ಅದೇ ಇರಬೇಕು ಎಂದು ಇದರಿಂದ ಸಮಾಧಾನ ಪಟ್ಟುಕೊಳ್ಳಬೇಡಿ, ನಿಮ್ಮ ನೋವು ನಿಮ್ಮದು. ಟಿಎಂಟಿಯೂ ಸರಿಯಾಗಿ ಬಂದು ನೋವು ಮುಂದುವರಿದರೆ "ಏನಿಲ್ಲ, ಹೋಗಿ" ಎಂಬಲ್ಲಿಗೆ ಮುಗಿಸಿಕೊಂಡು ಬರಬೇಡಿ, ಮುಂದೇನು ಎಂದು ಕೇಳಿ. ಹೃದಯದ ರಕ್ತನಾಳ ನೋಡುವ ಸಿಟಿ ಆಂಜಿಯೋ, ಅನ್ನನಾಳ ನೋಡುವ ಎಂಡೋಸ್ಕೋಪಿ ಎಂದು ದಾರಿಗಳಿವೆ. ದೊಡ್ಡ ರಕ್ತನಾಳಗಳು ಸ್ವಚ್ಛವಾಗಿದ್ದೂ ಸಣ್ಣ ನಾಳಗಳ ತೊಂದರೆಯಿಂದ ನೋವು ಬರುವುದುಂಟು, ಹೆಂಗಸರಲ್ಲಿ ಅದು ಹೆಚ್ಚು.

ಸದ್ಯಕ್ಕೆ ನಾಳೆ ಬೆಳಿಗ್ಗೆ ಒಂದು ಫೋನ್ ಮಾಡಿ. ಚೀಟಿಯ ವಿಷಯ ಕೇಳಿ, ಜೊತೆಗೇ ಯಾರಾದರೂ ಟಿಎಂಟಿ ಕ್ಯಾನ್ಸಲ್ ಮಾಡಿದರೆ ಆ ಸಮಯ ನಿಮಗೆ ಕೊಡಲು ಆಗುತ್ತದಾ ಎಂದು ವಿಚಾರಿಸಿ. ಕೇಳಿದವರ ಹೆಸರನ್ನು ಬರೆದಿಟ್ಟುಕೊಳ್ಳುವ ಕಡೆ ಎಷ್ಟೋ ಸಲ ಬೇಗ ಸಿಗುತ್ತದೆ.