ಮರಳಿ ಕೇಳಲು ಹೆದರಿದ ತೆರಿಗೆ

ಬ್ರಿಟನ್ನಿನಲ್ಲಿ ಓದುತ್ತ ಅರೆಕಾಲಿಕ ಕೆಲಸ ಮಾಡುವ ನಮ್ಮ ಕಡೆಯ ವಿದ್ಯಾರ್ಥಿಗಳು, ಹೆಚ್ಚುವರಿಯಾಗಿ ಕಡಿತವಾದ ತೆರಿಗೆಯನ್ನು ಮರಳಿ ಕೇಳುವುದಕ್ಕೇ ಅಂಜುವುದನ್ನು ಮೇಲಿಂದ ಮೇಲೆ ಕಾಣುತ್ತಿರುವುದರಿಂದ, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ಆಕೆ ಕರ್ನಾಟಕದಿಂದ ಸ್ನಾತಕೋತ್ತರ ಪದವಿಗೆ ಬಂದವಳು. 2024ರ ಅಕ್ಟೋಬರಿನಿಂದ ವಾರಕ್ಕೆ ಹತ್ತು ಗಂಟೆ ಹೋಟೆಲಿನಲ್ಲಿ, ಎಂಟು ಗಂಟೆ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದಳು. ನಿದ್ದೆ ಬಾರದೆಂದು ಆಪ್ತಸಲಹೆಗಾರಳಾದ ನನ್ನ ಬಳಿ ಬಂದವಳು ಮಾರ್ಚ್‌ನಲ್ಲಿ, ಎರಡನೆಯ ಭೇಟಿಯಲ್ಲಿ, ಅಂಗಡಿಯ ಪೇಸ್ಲಿಪ್ ತೋರಿಸಿದಳು. ಸಂಬಳ 366.08 ಪೌಂಡ್, ತೆರಿಗೆ 73.20 ಪೌಂಡ್, ಟ್ಯಾಕ್ಸ್ ಕೋಡ್ ಬಿಆರ್. ಹೋಟೆಲಿನ ಪೇಸ್ಲಿಪ್‌ನಲ್ಲಿ ಕೋಡ್ 1257ಎಲ್ ಇದ್ದು, ತೆರಿಗೆ ಸೊನ್ನೆಯಾಗಿತ್ತು.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. 12,570 ಪೌಂಡ್‌ಗಳ ವಾರ್ಷಿಕ ವಿನಾಯಿತಿಯನ್ನು ಪೂರ್ತಿಯಾಗಿ ಮೊದಲ ಕೆಲಸಕ್ಕೆ ಕೊಟ್ಟು (1257ಎಲ್ ಕೋಡ್), ಎರಡನೆಯ ಕೆಲಸದ ಪ್ರತಿ ಪೌಂಡಿನ ಮೇಲೂ ಶೇ 20ರಷ್ಟು ಹಿಡಿಯುವುದು (ಬಿಆರ್ ಕೋಡ್) ಅಲ್ಲಿಯ ವಾಡಿಕೆ. ಆದರೆ ಆ ವರ್ಷದ ಅವಳ ಎರಡೂ ಸಂಬಳ ಸೇರಿದರೂ ಆರು ಸಾವಿರ ದಾಟುತ್ತಿರಲಿಲ್ಲ. ಹಿಡಿದದ್ದೆಲ್ಲ ಅವಳಿಗೇ ಮರಳಬೇಕಾದ ಹಣ. ಅದನ್ನು ಹೇಳಿದಾಗ ಆಕೆ, ‘ಹೋದದ್ದು ಹೋಗಲಿ ಮೇಡಂ, ಕೇಳಿದ್ರೆ ನನ್ನ ಗಂಟೆ ಲೆಕ್ಕ ತೆಗೀತಾರೆ’ ಎಂದಳು.

ಇಡೀ ಭೇಟಿ ಈ ಮಾತಿನ ಸುತ್ತಲೇ ನಡೆಯಿತು. ವಿದ್ಯಾರ್ಥಿ ವೀಸಾದ ಮೇಲೆ ಅವಳು ಓದಿನ ಅವಧಿ (ಟರ್ಮ್) ನಡೆಯುವಾಗ ವಾರಕ್ಕೆ 20 ಗಂಟೆ ಮೀರುವಂತಿರಲಿಲ್ಲ. ಜನವರಿಯ ಒಂದು ವಾರ ತಾನು 21 ಗಂಟೆ ಮಾಡಿದ್ದೇನೆಂದು ನಂಬಿದ್ದಳು. ತೆರಿಗೆ ಇಲಾಖೆಯಿಂದ ವೀಸಾ ಕಚೇರಿಗೆ ಮಾಹಿತಿ ಹೋಗುವುದೇ ಇಲ್ಲ ಎಂದು ನಾನು ಸಮಾಧಾನ ಹೇಳಲಿಲ್ಲ, ಅದು ಸುಳ್ಳಾಗುತ್ತಿತ್ತು. ಪ್ರತಿ ಸಂಬಳದ ದಿನಕ್ಕೇ ಮಾಲೀಕರು ಎಚ್‌ಎಂಆರ್‌ಸಿಗೆ, ಅಂದರೆ ಅಲ್ಲಿಯ ತೆರಿಗೆ ಇಲಾಖೆಗೆ, ವಿವರ ಕಳಿಸುತ್ತಾರೆ, ಆದ್ದರಿಂದ ನೀನು ಸುಮ್ಮನಿದ್ದರೂ ಯಾವುದೂ ಮರೆಯಾಗಿ ಉಳಿಯುವುದಿಲ್ಲ ಎಂದೆ. ಬಳಿಕ ಅವಳ ಫೋನಿನಲ್ಲಿದ್ದ ಪಾಳಿಪಟ್ಟಿಗಳನ್ನು ಇಬ್ಬರೂ ನೋಡಿದೆವು. ಅಂಗಡಿಯ ಸಂಬಳದ ವಾರ ಶನಿವಾರ ಶುರುವಾಗುತ್ತಿತ್ತು, ಅವಳೂ ಹಾಗೆಯೇ ಎಣಿಸಿದ್ದಳು. ವೀಸಾದ ವಾರ ಸೋಮವಾರದಿಂದ ಭಾನುವಾರಕ್ಕೆ. ಹಾಗೆ ಎಣಿಸಿದಾಗ ಆ ವಾರ 19 ಗಂಟೆ ಬಂತು. ಆಕೆ ಮತ್ತೊಮ್ಮೆ ತಾನೇ ಬೆರಳೆಣಿಸಿದಳು. ವೀಸಾ ಸಲಹೆ ನನ್ನ ಅಧಿಕಾರದ್ದಲ್ಲವಾದ್ದರಿಂದ ವಿಶ್ವವಿದ್ಯಾಲಯದ ವೀಸಾ ಸಲಹೆಗಾರರ ಬಳಿಯೂ ಖಚಿತಪಡಿಸಿಕೊಳ್ಳಲು ಹೇಳಿದೆ.

ಆಪ್ತಸಲಹೆಗಾರರಿಗೆ ಪೇಸ್ಲಿಪ್ ಏಕೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಲೆಕ್ಕ ಮಾಡಿದರೆ ಕರಗಬಹುದಾದ ಭಯಕ್ಕೆ ಉಸಿರಾಟದ ಅಭ್ಯಾಸವನ್ನಷ್ಟೇ ಕೊಟ್ಟು ಕಳಿಸುವುದನ್ನು ನಾನು ಒಪ್ಪುವುದಿಲ್ಲ. ಗಂಟೆ ನಿಜಕ್ಕೂ ಮೀರಿದ್ದರೂ ನನ್ನ ಸಲಹೆ ಬೇರೆಯಾಗುತ್ತಿರಲಿಲ್ಲ: ವೀಸಾ ಸಲಹೆಗಾರರ ಬಳಿ ಮೊದಲು ಹೋಗು, ಹಣವನ್ನು ಬಿಟ್ಟುಕೊಟ್ಟು ಮೌನವನ್ನು ಕೊಳ್ಳಬೇಡ.

ತೆರಿಗೆ ವರ್ಷ ಏಪ್ರಿಲ್ 5ಕ್ಕೆ ಮುಗಿಯುವುದರಿಂದ, ವಿನಾಯಿತಿಯ ಒಂದು ಪಾಲನ್ನು ಅಂಗಡಿಯ ಕೆಲಸಕ್ಕೆ ಹಂಚುವಂತೆ ಎಚ್‌ಎಂಆರ್‌ಸಿಯನ್ನು ಕೂಡಲೇ ಕೇಳಲು ತಿಳಿಸಿದೆ. ಅದು ತಡವಾದರೆ ವರ್ಷ ಮುಗಿದ ಮೇಲೆ ಪಿ60 (ವರ್ಷದ ಸಂಬಳ, ತೆರಿಗೆ ತೋರಿಸಿ ಮಾಲೀಕರು ಕೊಡುವ ಪತ್ರ) ಹಿಡಿದು ಆನ್‌ಲೈನ್ ಖಾತೆಯಲ್ಲೇ ಮರುಪಾವತಿ ಕೇಳಬಹುದು. ಅದಕ್ಕೆ ಶುಲ್ಕವಿಲ್ಲ; ರೂಮ್‌ಮೇಟ್ ಸೂಚಿಸಿದ, ಬಂದ ಹಣದಲ್ಲಿ ಪಾಲು ಕೇಳುವ ಏಜೆಂಟನ ಅಗತ್ಯ ಅವಳಿಗಿರಲಿಲ್ಲ. ಓದು ಮುಗಿಸಿ ಊರಿಗೆ ಮರಳಿದವರೂ ನಾಲ್ಕು ವರ್ಷದೊಳಗೆ ಕೇಳಬಹುದು: 2024-25ರ ತೆರಿಗೆಗೆ 2029ರ ಏಪ್ರಿಲ್ 5ರವರೆಗೆ ಅವಕಾಶವಿದೆ, ಪಿ60 ಮತ್ತು ಕೆಲಸ ಬಿಡುವಾಗ ಕೊಡುವ ಪಿ45 ಪತ್ರ ಜೋಪಾನವಾಗಿರಬೇಕಷ್ಟೆ.